ಡಿಫ್ ಲಾಕ್ ಕಂಪನಿಯದ್ದೋ, ಗ್ಯಾರೇಜಿನದ್ದೋ? ಜೀಪಿನಷ್ಟೇ ಹಳೆಯ ಪ್ರಶ್ನೆ

ಕಳೆದ ವಾರ ನನ್ನ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಫೋರ್ ಬೈ ಫೋರ್ ಬುಕ್ ಮಾಡ್ತಿದೀನಿ. ಡಿಫ್ ಲಾಕ್ ಇರೋ ಮಾಡೆಲ್‌ಗೆ ದುಡ್ಡು ಜಾಸ್ತಿ. ಕಡಿಮೆದು ತಗೊಂಡು ಆಮೇಲೆ ಗ್ಯಾರೇಜಲ್ಲಿ ಹಾಕಿಸ್ಲಾ?" ಹೂಂ ಅನ್ನೋಕೆ ಮುಂಚೆ ಸ್ವಲ್ಪ ಇತಿಹಾಸ ಹೇಳ್ತೀನಿ ಕೇಳು ಅಂದೆ. ನೀವೂ ಕೇಳಿ.

ಎರಡನೇ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪ್ ತಯಾರಿಸಿದವು. ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳು ಅಮೆರಿಕದ ಜನಸಾಮಾನ್ಯರ ಕೈಗೆ ಬಂದವು. ಅವುಗಳಲ್ಲಿ ಒಂದು ತೊಂದರೆ ಇತ್ತು. ಫೋರ್ ವೀಲ್ ಬೇಡ ಅಂತ ಲಿವರ್ ಎಳೆದರೂ ಮುಂದಿನ ಆಕ್ಸಲ್ ಸುಮ್ಮನೆ ಸುತ್ತುತ್ತಲೇ ಇರುತ್ತಿತ್ತು. ಪೆಟ್ರೋಲೂ ದಂಡ, ಸವೆತವೂ ಜಾಸ್ತಿ. 1948ರಲ್ಲಿ ಸಿಯಾಟಲ್‌ನ ಆರ್ಥರ್ ವಾರ್ನ್ ಇದಕ್ಕೊಂದು ಹಬ್ ಮಾಡಿದರು. ಬೇಡವಾದಾಗ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸಬಹುದಿತ್ತು. ಕಂಪನಿ ಬಿಟ್ಟ ಕೆಲಸವನ್ನು ಹೊರಗಿನವರು ಮುಗಿಸಿದ್ದು ಹೀಗೆ.

ಹಾಗಂತ ಕಂಪನಿಯೂ ಸುಮ್ಮನಿರಲಿಲ್ಲ. 1945ರ ವಿಲ್ಲೀಸ್ ಸಿಜೆ-2ಎ ಜೀಪಿಗೆ ರೈತರಿಗಾಗಿ ಪಿಟಿಒ, ಬೆಲ್ಟ್ ಪುಲ್ಲಿಗಳನ್ನು ಆಪ್ಷನ್ ಆಗಿ ಕೊಡುತ್ತಿದ್ದರು. ಎರಡೂ ದಾರಿ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು.

ಮುಂದಿನ ದಶಕಗಳಲ್ಲಿ ಹೊರಗಿನವರದ್ದೇ ಮೇಲುಗೈ. 1959ರಲ್ಲಿ ವಾರ್ನ್ ಕಂಪನಿಯ ಎಲೆಕ್ಟ್ರಿಕ್ ವಿಂಚ್ ಬಂತು. 1975ರಲ್ಲಿ ಆಸ್ಟ್ರೇಲಿಯಾದಲ್ಲಿ ಎಆರ್‌ಬಿ ಬುಲ್‌ಬಾರ್ ಮಾಡತೊಡಗಿತು, ಆಮೇಲೆ ಏರ್ ಲಾಕರ್‌ಗೂ ಹೆಸರಾಯಿತು. ಕಾರ್ಖಾನೆಯಿಂದ ಬರೋದು ಬರೀ ಬುನಾದಿ, ಮನೆ ಕಟ್ಟೋದು ಗ್ಯಾರೇಜಿನವರು ಅನ್ನೋ ಹಾಗಿತ್ತು ಕಾಲ.

ಲೆಕ್ಕ ತಿರುಗಿದ್ದು 2003ರ ಜೀಪ್ ರಾಂಗ್ಲರ್ ರೂಬಿಕಾನ್‌ನಿಂದ. ಹಿಂದೆ ಮುಂದೆ ಎರಡೂ ಲಾಕರ್, 31 ಇಂಚಿನ ಟೈರ್, 4:1 ಲೋ ಗೇರ್, ಎಲ್ಲವೂ ಕಾರ್ಖಾನೆಯಿಂದಲೇ. ಗಮನಿಸಿ, ದೊಡ್ಡ ಟೈರ್ ಕೊಟ್ಟವರು ಅದನ್ನು ಎಳೆಯುವ ಗೇರನ್ನೂ ಕೊಟ್ಟರು.

ಇದು ನನಗೆ ಅರ್ಥ ಆಗಿದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷದ ಹಿಂದೆ ನನ್ನ ಗಾಡಿಗೆ ದೊಡ್ಡ ಟೈರ್ ಹಾಕಿಸಿದೆ, ಗೇರ್ ಮುಟ್ಟಲಿಲ್ಲ. ನೋಡೋಕೆ ಭರ್ಜರಿ. ಆದರೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತಿತ್ತು, ಎಂಜಿನ್ ಏದುಸಿರು ಬಿಡುತ್ತಿತ್ತು. ಸಕಲೇಶಪುರದ ಹತ್ತಿರ ಒಂದು ತೋಟದ ಏರಿನಲ್ಲಿ, ಮಳೇಲಿ, ಕ್ಲಚ್ ಸುಟ್ಟ ವಾಸನೆ ಬಂತು. ಟ್ರ್ಯಾಕ್ಟರ್ ಬಂದು ಎಳೆಯಿತು. ಆ ಟೈರುಗಳನ್ನು ಅರ್ಧ ಬೆಲೆಗೆ ಮಾರಿದೆ.

ನಮ್ಮಲ್ಲಿ ಕಾನೂನಿನ ಮಾತೂ ಇದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್‌ಬಾರ್ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಹೇಳಿತು. ಅಡ್ಡ ಬಂದ ಪಾದಚಾರಿಗೆ ಏಟು ಜೋರು, ಏರ್‌ಬ್ಯಾಗ್ ಸೆನ್ಸರ್ ಕೂಡ ಗೊಂದಲವಾಗಬಹುದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಅಷ್ಟರಲ್ಲಿ ಮಹೀಂದ್ರ ಥಾರ್‌ನಂಥ ಗಾಡಿಯಲ್ಲೇ ಕಂಪನಿಯ ಲಾಕಿಂಗ್ ಡಿಫರೆನ್ಷಿಯಲ್ ಬಂದಿತ್ತು.

ಹಾಗಾಗಿ ತಮ್ಮನಿಗೆ ಹೇಳಿದ್ದಿಷ್ಟು: ಆಕ್ಸಲ್, ಗೇರ್, ಬ್ರೇಕ್, ಏರ್‌ಬ್ಯಾಗ್ ಜೊತೆ ಸಂಬಂಧ ಇರೋದನ್ನ ಕಂಪನಿಯಿಂದಲೇ ತಗೋ. ಎಳೆಯೋ ಹಗ್ಗ, ಏರ್ ಕಂಪ್ರೆಸರ್, ರಬ್ಬರ್ ಮ್ಯಾಟ್, ಇವು ಆಮೇಲೆ ನಿಧಾನಕ್ಕೆ. ವಾರ್ನ್ ಅವತ್ತು ಹಬ್ ಮಾಡಿದ್ದು ಜೀಪಿನಲ್ಲಿ ನಿಜವಾಗಿ ಒಂದು ಕೊರತೆ ಇದ್ದಿದ್ದಕ್ಕೆ. ನಿನ್ನ ಗಾಡಿಯಲ್ಲಿ ಕೊರತೆ ಏನು ಅಂತ ಆರು ತಿಂಗಳು ಓಡಿಸಿ ನೋಡು, ಆಮೇಲೆ ಗ್ಯಾರೇಜಿಗೆ ಹೋಗು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸರಿ ಅಣ್ಣಾ, ಆ ಹೆಚ್ಚಿನ ದುಡ್ಡು ನೀನು ಕೊಡ್ತೀಯಾ?"

ಅದಕ್ಕೆ ಇತಿಹಾಸದಲ್ಲಿ ಉತ್ತರ ಇಲ್ಲ. ಮುಂದಿನ ವಾರ ಸಿಗೋಣ.