ಕಟ್ಟದೆ ನೋಡಿಕೊಳ್ಳುವುದು

ಟೋಕಿಯೋದ ನಿಶಿಕಸಾಯಿಗೆ ನಾವು ಬಂದು ಹನ್ನೊಂದು ವರ್ಷವಾಯಿತು. ಮಗಳು ಹೈಸ್ಕೂಲು ಸೇರಿದ ಮೇಲೆ ನಾನು ವೃದ್ಧರ ಆರೈಕೆಯ ಕೆಲಸ ಕಲಿಯಲು ಹೊರಟೆ. ಈ ಕೆಲಸಕ್ಕೆ ಬರುವ ಹೊಸಬರಿಗೆಂದೇ ಇಲ್ಲಿ 130 ಗಂಟೆಗಳ ಆರಂಭಿಕ ತರಬೇತಿಯಿದೆ. ಅದರಲ್ಲಿ ಒಂದು ದಿನ ನಮ್ಮ ಶಿಕ್ಷಕಿ ಎಲ್ಲರ ಕೈಗೂ ಬೆರಳಿಲ್ಲದ ದಪ್ಪ ಕೈಗವಸು ತೊಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು ಹೊರಗೆ ಹೋಗಿಬಿಟ್ಟರು. ಐದು ನಿಮಿಷಕ್ಕೆಲ್ಲ ಮೂಗು ತುರಿಸತೊಡಗಿತು. ಹತ್ತು ನಿಮಿಷಕ್ಕೆ ಸಿಟ್ಟು ಬಂತು. ಕಾಲು ಗಂಟೆ ಕಳೆದು ಅವರು ಮರಳಿದಾಗ ಸಿಟ್ಟೂ ಹೋಗಿ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದೆವು.

“ಹೇಗನ್ನಿಸಿತು?” ಎಂದು ಒಬ್ಬೊಬ್ಬರನ್ನೇ ಕೇಳಿದರು. ನನ್ನ ಸರದಿ ಬಂದಾಗ ಮಾತು ಹೊರಡಲಿಲ್ಲ. ಜಪಾನಿ ಭಾಷೆ ಬಾರದೆ ಅಲ್ಲ. ಮೂರು ದಿನ ಮುಂಚೆ ಸಾಗರದ ನಮ್ಮ ಮನೆಗೆ ವಿಡಿಯೊ ಕರೆ ಮಾಡಿದ್ದೆ. ಇಲ್ಲಿ ಬೆಳಿಗ್ಗೆ ಒಂಬತ್ತು, ಅಲ್ಲಿ ಇನ್ನೂ ಐದೂವರೆ. ಅಮ್ಮನ ಬಲಗೈಯನ್ನು ಹಳೆಯ ಸೀರೆಯ ಅಂಚಿನಿಂದ ಮಂಚಕ್ಕೆ ಕಟ್ಟಿದ್ದು ಕಂಡಿತು. ಮರೆವಿನ ಕಾಯಿಲೆ ಶುರುವಾಗಿ ಅಮ್ಮನಿಗೆ ಮೂರು ವರ್ಷ. ನಾನು ಗಾಬರಿಯಾಗಿ ಕೇಳಿದ್ದಕ್ಕೆ ಅತ್ತಿಗೆ ಹೇಳಿದರು: “ರಾತ್ರಿ ಮೂರು ಸಲ ಏಳ್ತಾರೆ ಮಾರಾಯ್ತಿ. ಹೋದ ತಿಂಗಳು ಬಿದ್ದು ಹಣೆ ಒಡಕೊಂಡಾಗ ನೀನೇ ಹೇಳಿದ್ದಲ್ವಾ, ಏನಾದ್ರೂ ಮಾಡಿ, ಇನ್ನೊಮ್ಮೆ ಬೀಳದ ಹಾಗೆ ನೋಡ್ಕೊಳ್ಳಿ ಅಂತ?”

ಹೌದು, ಹೇಳಿದ್ದೆ. ಆ ‘ಏನಾದರೂ ಮಾಡಿ’ ಎಂಬ ಮಾತೇ ಸೀರೆಯ ಅಂಚಾಗಿತ್ತು. ಆ ತರಗತಿಯ ನಂತರ, ಕಟ್ಟುವುದನ್ನು ಈ ದೇಶ ಹೇಗೆ ಬಿಡಲು ಕಲಿಯಿತು, ಎಷ್ಟರಮಟ್ಟಿಗೆ ಬಿಟ್ಟಿದೆ ಎಂದು ಓದತೊಡಗಿದೆ. ನನಗಾಗಿಯೇ ಓದಿದ್ದು. ನನ್ನಂತೆ ದೂರದಲ್ಲಿ ಕೂತು ಫೋನಿನಲ್ಲಿ ಅಪ್ಪ ಅಮ್ಮಂದಿರ ಆರೈಕೆ ನಡೆಸುವವರು ಅನೇಕರಿದ್ದಾರೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟು ಬಿಚ್ಚಿದವರ ಕಥೆ ಸಾಮಾನ್ಯವಾಗಿ ಪ್ಯಾರಿಸ್ಸಿನಿಂದ ಶುರುವಾಗುತ್ತದೆ. ಮನೋರೋಗಿಗಳ ಸರಪಳಿ ಕಳಚಿದ ವೈದ್ಯ ಎಂದು ಪಿನೆಲ್‌ಗೆ ಹೆಸರು. ಆದರೆ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಸರಪಳಿ ತೆಗೆಸಿದವನು ವೈದ್ಯನಲ್ಲ, ಪ್ಯೂಸಾಂ ಎಂಬ ವಾರ್ಡಿನ ಮೇಲ್ವಿಚಾರಕ. ಅವನು ಸ್ವತಃ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿ ಎದ್ದವನು. ಗುಣವಾದ ರೋಗಿಗಳನ್ನೇ ಸಿಬ್ಬಂದಿಯಾಗಿ ನೇಮಿಸಿಕೊಂಡ, ರೋಗಿಗಳಿಗೆ ಹೊಡೆಯಕೂಡದೆಂದು ನೌಕರರನ್ನು ತಡೆದ. ಸರಪಳಿ ತೆಗೆಯುವ ಮೊದಲು ಸರಪಳಿ ಹಾಕುವ ಕೈಗಳನ್ನು ಬದಲಿಸಿದ ಎನ್ನಬಹುದು.

ಜಪಾನಿನಲ್ಲಿ ಈ ಕೆಲಸ ಆರಂಭಿಸಿದವರು ಡಾ. ಕುರೆ ಶೂಜೊ. ಯೂರೋಪಿನಲ್ಲಿ ಕಲಿತು 1901ರಲ್ಲಿ ಮರಳಿ ಟೋಕಿಯೋದ ಸುಗಾಮೊ ಆಸ್ಪತ್ರೆಯ ಹೊಣೆ ಹೊತ್ತವರೇ ಕೈಕೋಳ, ಪಟ್ಟಿಗಳನ್ನು ನಿಲ್ಲಿಸಿದರು. ರೋಗಿಗಳಿಗೆ ಅಂಗಳದಲ್ಲಿ ಓಡಾಡಲು ಬಿಟ್ಟು, ಕೈಗೆ ಕೆಲಸ ಕೊಟ್ಟು, ನೋಡಿಕೊಳ್ಳುವವರ ರೀತಿನೀತಿ ತಿದ್ದಿದರು. ಆದರೆ ಆಸ್ಪತ್ರೆಯ ಗೋಡೆಯಾಚೆ ಬೇರೆಯೇ ಲೋಕವಿತ್ತು. 1900ರ ಕಾನೂನಿನ ಪ್ರಕಾರ ಮನೆಯವರು ಸರಕಾರದ ಅನುಮತಿ ಪಡೆದು ಮನೋರೋಗಿಯನ್ನು ಮನೆಯಲ್ಲೇ ಕೂಡಿಹಾಕಬಹುದಿತ್ತು. ಕುರೆ ತಮ್ಮ ಶಿಷ್ಯರನ್ನು ಊರೂರಿಗೆ ಕಳಿಸಿ ಅಂಥ ಮುನ್ನೂರಕ್ಕೂ ಹೆಚ್ಚು ಮರದ ಗೂಡುಗಳನ್ನು ನೋಡಿಸಿ, ಫೋಟೊ ಮತ್ತು ನಕ್ಷೆಗಳೊಡನೆ 1918ರಲ್ಲಿ ವರದಿ ಪ್ರಕಟಿಸಿದರು. ಹಾಗೆ ಕೂಡಿಹಾಕುವ ಪದ್ಧತಿಯನ್ನು ಕಾನೂನು ತೆಗೆದುಹಾಕಿದ್ದು 1950ರಲ್ಲಿ. ನಡುವೆ 32 ವರ್ಷ!

ವೃದ್ಧರ ವಿಷಯ ಎದ್ದದ್ದು ಇನ್ನೂ ತಡವಾಗಿ. 1963ರಲ್ಲಿ ವೃದ್ಧರ ಕಲ್ಯಾಣ ಕಾನೂನು ಬಂದು ಸದಾ ಆರೈಕೆ ಬೇಕಾದವರಿಗೆ ವಿಶೇಷ ವೃದ್ಧಾಲಯಗಳು ಹುಟ್ಟಿದವು. 1972ರಲ್ಲಿ ಆರಿಯೋಶಿ ಸಾವಾಕೊ ಅವರು ಮರೆವಿಗೆ ಒಳಗಾದ ಮಾವನನ್ನು ನೋಡಿಕೊಳ್ಳುವ ಸೊಸೆಯ ಕಾದಂಬರಿ ಬರೆದಾಗ ದೇಶವೇ ಅದನ್ನು ಓದಿತು. ಮನೆಮನೆಯ ಗುಟ್ಟು ಬಯಲಾದಂತಾಯಿತು. ಮರುವರ್ಷ 70 ದಾಟಿದವರಿಗೆ ಚಿಕಿತ್ಸೆ ಉಚಿತವಾಯಿತು. ವೃದ್ಧಾಲಯಗಳು ಸಾಕಷ್ಟಿರಲಿಲ್ಲ, ಆಸ್ಪತ್ರೆಗಳಿದ್ದವು, ಖರ್ಚೂ ಇರಲಿಲ್ಲ. ಕಾಯಿಲೆ ಗುಣವಾದರೂ ಮನೆಗೆ ಹೋಗಲಾಗದ ಮುದುಕರು ಆಸ್ಪತ್ರೆಯ ಹಾಸಿಗೆಗಳಲ್ಲೇ ವರ್ಷಗಟ್ಟಲೆ ಉಳಿದರು. ನರ್ಸುಗಳು ಕಡಿಮೆ, ಮಲಗಿದವರು ಹೆಚ್ಚು. ಡ್ರಿಪ್ಪಿನ ಸೂಜಿ ಕೀಳದಂತೆ ಕೈ ಕಟ್ಟು, ಡೈಪರ್ ಬಿಚ್ಚದಂತೆ ಅಡಿಯಿಂದ ಮುಡಿಯವರೆಗೆ ಒಂದೇ ತುಂಡಿನ ಬೀಗದ ಉಡುಪು ತೊಡಿಸು, ಇಳಿಯದಂತೆ ಮಂಚದ ನಾಲ್ಕೂ ಬದಿಗೆ ಕಂಬಿ. ಎಲ್ಲವೂ ‘ಸುರಕ್ಷತೆಗಾಗಿ’. ಹೀಗೆ ತಿಂಗಳುಗಟ್ಟಲೆ ಮಲಗಿಸಿದರೆ ಸ್ನಾಯು ಕರಗಿ, ಕೀಲು ಬಿಗಿದು, ಬೆನ್ನು ಹುಣ್ಣಾಗಿ ನಡೆಯುತ್ತಿದ್ದವರೂ ಮೇಲೇಳದಂತಾಗುತ್ತಾರೆ. ಅಂಥವರಿಗೆ ‘ನೆತಕಿರಿ’, ಅಂದರೆ ಸದಾ ಮಲಗಿರುವವರು ಎಂಬ ಹೆಸರೇ ಹುಟ್ಟಿಕೊಂಡಿತು. 1990ರಲ್ಲಿ ಪತ್ರಕರ್ತೆ ಓಕುಮಾ ಯುಕಿಕೊ ಯೂರೋಪಿನ ವೃದ್ಧಾಲಯಗಳನ್ನು ಸುತ್ತಿ ಬರೆದ ಪುಸ್ತಕ ಒಂದು ಇರಿಯುವ ಪ್ರಶ್ನೆ ಎತ್ತಿತು. ಡೆನ್ಮಾರ್ಕಿನಲ್ಲಿಯೂ ಮುದುಕರಿದ್ದಾರೆ, ಆದರೆ ಹೀಗೆ ಮಲಗಿಸಿಟ್ಟವರಿಲ್ಲ, ಏಕೆ?

ಉತ್ತರವನ್ನು ಟೋಕಿಯೋದ ಪಶ್ಚಿಮ ಅಂಚಿನ ಹಚಿಯೋಜಿಯಲ್ಲಿ ಕಾಮಿಕಾವಾ ಎಂಬ ಆಸ್ಪತ್ರೆ ಆಗಲೇ ಹುಡುಕತೊಡಗಿತ್ತು. 1986ರಿಂದ ಅಲ್ಲಿ ವೈದ್ಯ ಯೋಶಿಯೋಕಾ ಮಿತ್ಸುರು ಮತ್ತು ಹೆಡ್ ನರ್ಸ್ ತನಾಕಾ ತೋಮೊಎ ವೃದ್ಧ ರೋಗಿಗಳನ್ನು ಕಟ್ಟುವುದನ್ನು ಬಿಡುತ್ತಾ ಬಂದರು. ಅವರ ಅನುಭವ 1999ರಲ್ಲಿ ಪುಸ್ತಕವಾಗಿಯೂ ಬಂತು. ‘ಇನ್ನು ಮುಂದೆ ಪ್ರೀತಿಯಿಂದ ನೋಡಿಕೊಳ್ಳಿ’ ಎಂದು ಸಿಬ್ಬಂದಿಗೆ ಉಪದೇಶ ಮಾಡಿ ಸಾಧಿಸಿದ್ದಲ್ಲ ಅದು. ಕಟ್ಟುವ ನರ್ಸೂ ಕೆಟ್ಟವಳಲ್ಲ. ರಾತ್ರಿಯೆಲ್ಲ ಓಡಿ ಸುಸ್ತಾದವಳು, ಯಾರಾದರೂ ಬಿದ್ದರೆ ನನ್ನ ತಲೆಗೆ ಬರುತ್ತದೆ ಎಂದು ಹೆದರಿದವಳು. ಆದ್ದರಿಂದ ಬದಲಿಸಬೇಕಾದದ್ದು ಕೆಲಸವನ್ನೇ. ಈ ಅಜ್ಜ ಸೂಜಿ ಕೀಳುವುದೇಕೆ? ಬಾಯಿಂದ ಉಣ್ಣಿಸಿದರೆ ಸೂಜಿಯೇ ಬೇಡವೇನೋ. ಈ ಅಜ್ಜಿ ಡೈಪರ್ ಕಿತ್ತೆಸೆಯುವುದೇಕೆ? ಒದ್ದೆಯಾಗಿ ಗಂಟೆಯಾಗಿರಬಹುದು. ಸಮಯ ನೋಡಿ ಶೌಚಕ್ಕೆ ಕರೆದೊಯ್ದರೆ ಡೈಪರ್ರೇ ಬೇಡ.

ನಮ್ಮ ತರಗತಿಯಲ್ಲಿ ಇದನ್ನು ಐದು ಮೂಲ ಆರೈಕೆಗಳೆಂದು ಕಲಿಸಿದರು: ಎಬ್ಬಿಸಿ ಕೂರಿಸುವುದು, ಉಣ್ಣಿಸುವುದು, ಶೌಚಕ್ಕೆ ಕರೆದೊಯ್ಯುವುದು, ಶುಚಿಯಾಗಿಡುವುದು, ಏನಾದರೂ ಮಾಡಲು ಕೊಡುವುದು. ಕೇಳಿದರೆ ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಮಾತು ಅನ್ನಿಸುತ್ತದೆ. ಆದರೆ ಐವತ್ತು ಮಂದಿ ಮಲಗಿರುವ ವಾರ್ಡಿನಲ್ಲಿ ಇವನ್ನು ದಿನವೂ ಮಾಡಬೇಕಾದರೆ ಪಾಳಿ ಬದಲಾಗಬೇಕು, ಊಟದ ಹೊತ್ತು ಬದಲಾಗಬೇಕು, ಮೇಲಿನವರು ‘ಬಿದ್ದರೆ ಹೊಣೆ ನನ್ನದು’ ಎನ್ನಬೇಕು. ಆ ಕೊನೆಯದಿಲ್ಲದಿದ್ದರೆ ಯಾವ ನರ್ಸೂ ಗಂಟು ಬಿಚ್ಚಲಾರಳು.

1998ರ ಅಕ್ಟೋಬರಿನಲ್ಲಿ ಫುಕುವೊಕಾ ಪ್ರಾಂತ್ಯದ ಕೆಲವು ಆಸ್ಪತ್ರೆಗಳು ಒಟ್ಟಾಗಿ ಕಟ್ಟುವುದನ್ನು ಕೈಬಿಡುವ ಘೋಷಣೆ ಹೊರಡಿಸಿದವು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಒಂದು ಅಂಶ: ಈ ನಿರ್ಧಾರ ಉಳಿಯಬೇಕಾದರೆ ಆಸ್ಪತ್ರೆಯ ಒಳಗನ್ನು ಹೊರಗಿನವರಿಗೆ ತೆರೆದಿಡಬೇಕು ಎಂಬುದು. ಬಾಗಿಲು ಮುಚ್ಚಿದಲ್ಲಿ ಗಂಟು ಮತ್ತೆ ಬಿಗಿಯುತ್ತದೆ ಎಂದು ಅನುಭವವಿದ್ದವರೇ ಹೇಳಿದರು.

ಎರಡೇ ವರ್ಷದಲ್ಲಿ, 2000ದ ಏಪ್ರಿಲಿನಲ್ಲಿ, ಜಪಾನಿನ ದೀರ್ಘಕಾಲೀನ ಆರೈಕೆ ವಿಮೆ ಜಾರಿಗೆ ಬಂತು. ಅದರ ನಿಯಮಗಳು ವೃದ್ಧಾಲಯಗಳಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸಿದವು. ಮರುವರ್ಷ ಬಂದ ಸರಕಾರಿ ಕೈಪಿಡಿಯಲ್ಲಿ ಹನ್ನೊಂದು ಬಗೆಯ ಕಟ್ಟುಗಳ ಪಟ್ಟಿಯಿದೆ. ಮಂಚದ ಸುತ್ತಲಿನ ಕಂಬಿ, ಕೈಗವಸು, ಏಳಲಾಗದಂಥ ಕುರ್ಚಿ, ಅತಿಯಾದ ನಿದ್ದೆ ಔಷಧಿ, ಬೀಗ ಹಾಕಿದ ಕೋಣೆ ಎಲ್ಲ ಸೇರಿ. ತೀರಾ ಅನಿವಾರ್ಯವಾದರೆ ಮೂರು ಷರತ್ತು: ಅಪಾಯ ಕಣ್ಣೆದುರಿಗಿರಬೇಕು, ಬೇರೆ ದಾರಿಯಿರಬಾರದು, ತಾತ್ಕಾಲಿಕವಾಗಿರಬೇಕು. ಮೂರೂ ಒಟ್ಟಿಗೆ ಇರಬೇಕು, ಕಾರಣ ಬರೆದಿಡಬೇಕು. 2006ರಿಂದ ಹಾಗೆ ಬರೆದಿಡದ ಸಂಸ್ಥೆಗೆ ಸಿಗುವ ವಿಮಾ ಹಣದಲ್ಲಿ ಕಡಿತ ಶುರುವಾಯಿತು. 2018ರಲ್ಲಿ ಅದನ್ನು ಶೇಕಡಾ 10ಕ್ಕೆ ಏರಿಸಿ, ಮೂರು ತಿಂಗಳಿಗೊಮ್ಮೆ ಸಮಿತಿ ಸಭೆ, ಸಿಬ್ಬಂದಿಗೆ ನಿಯಮಿತ ತರಬೇತಿ ಕಡ್ಡಾಯ ಮಾಡಿದರು. ನಾನು ಕೈಗವಸು ತೊಟ್ಟು ಕೂತ ಕಾಲು ಗಂಟೆಯೂ ಈ ದಾರಿಯಲ್ಲೇ ಬಂದದ್ದು.

ಹಾಗೆಂದು ಜಪಾನ್ ಗೆದ್ದುಬಿಟ್ಟಿತು ಎಂದು ಬರೆದರೆ ಸುಳ್ಳಾದೀತು. ಮನೋರೋಗ ಆಸ್ಪತ್ರೆಗಳಲ್ಲಿ ಸರಕಾರ ವರ್ಷಕ್ಕೊಮ್ಮೆ ಒಂದು ದಿನದ ಎಣಿಕೆ ಮಾಡುತ್ತದೆ. ಆ ಒಂದೇ ದಿನ ಕಟ್ಟಿಗೆ ಒಳಗಾದವರು ಹತ್ತು ಸಾವಿರದ ಆಸುಪಾಸಿನಲ್ಲಿದ್ದ ವರ್ಷಗಳಿವೆ. ಇನ್ನೊಂದು ಪ್ರಕರಣವನ್ನು ನಮ್ಮ ತರಗತಿಯಲ್ಲಿ ಚರ್ಚಿಸಿದರು. 2003ರ ನವೆಂಬರಿನ ಒಂದು ರಾತ್ರಿ, ಐಚಿ ಪ್ರಾಂತ್ಯದ ಒಂದು ಆಸ್ಪತ್ರೆ. ಎಂಬತ್ತರ ಅಜ್ಜಿಯೊಬ್ಬರು ಡೈಪರ್ ಬದಲಿಸಿ ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು, ಗಾಲಿಕುರ್ಚಿಯಲ್ಲಿ ನರ್ಸುಗಳ ಬಳಿಗೇ ಬರುತ್ತಿದ್ದರು. ನರ್ಸುಗಳು ಟೀ ಕೊಟ್ಟು ಸಮಾಧಾನ ಮಾಡಿದರು, ಆಗಲಿಲ್ಲ. ಕೊನೆಗೆ ಕೈಗವಸು ತೊಡಿಸಿ ಮಂಚದ ಕಂಬಿಗೆ ಕಟ್ಟಿದರು. ಕೆಳಗಿನ ಮೇಲ್ಮನವಿ ನ್ಯಾಯಾಲಯ ಇದು ತಪ್ಪೆಂದಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಹೊತ್ತಿಗೆ ಅನಿವಾರ್ಯವಾಗಿತ್ತು ಎಂದಿತು. ಆ ರಾತ್ರಿ ಪಾಳಿಯಲ್ಲಿದ್ದವರು ಮೂವರು ನರ್ಸುಗಳು, ರೋಗಿಗಳು 27 ಮಂದಿ. ಶಿಕ್ಷಕಿ ತೀರ್ಪನ್ನು ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ. “ನೀವು ಆ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದರೆ ಮರುದಿನ ಬೆಳಿಗ್ಗೆ ಏನನ್ನು ಬದಲಿಸುತ್ತಿದ್ದಿರಿ?” ಎಂದಷ್ಟೇ ಕೇಳಿದರು. ಒಳ್ಳೆಯ ಪ್ರಶ್ನೆ. ನಾವು ಸಾಮಾನ್ಯವಾಗಿ ಕೇಳುವುದು ‘ತಪ್ಪು ಯಾರದು’ ಎಂದು.

ಆರೈಕೆ ಮಾಡುವ ಕೈಗಳು ಈ ದೇಶಕ್ಕೆ ಸಾಲುತ್ತಿಲ್ಲ. 2008ರಿಂದ ಇಂಡೋನೇಷ್ಯಾ, ಮರುವರ್ಷದಿಂದ ಫಿಲಿಪ್ಪೀನ್ಸ್, 2014ರಿಂದ ವಿಯೆಟ್ನಾಮಿನವರನ್ನು ಒಪ್ಪಂದದ ಮೇಲೆ ಕರೆಸಿಕೊಳ್ಳುತ್ತಿದ್ದಾರೆ. 2019ರಲ್ಲಿ ಇನ್ನೊಂದು ವೀಸಾ ದಾರಿ ತೆರೆದು ಭಾರತದವರೂ ಬರುವಂತಾಗಿದೆ. ನಾನು ಈಗ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುವಲ್ಲಿಯೂ ಊರಿನವರು, ಹೊರಗಿನವರು ಕಲೆತಿದ್ದೇವೆ. ಅಲ್ಲಿ ಯಾರನ್ನೂ ಕಟ್ಟುವುದಿಲ್ಲ. ಆದರೆ ತರಬೇತಿಯಲ್ಲಿ ಇನ್ನೊಂದು ಬಗೆಯ ಕಟ್ಟಿನ ಬಗ್ಗೆ ಹೇಳಿದ್ದರು, ಮಾತಿನ ಕಟ್ಟು. ‘ಚೊತ್ತೊ ಮತ್ತೆ’ ಎಂದರೆ ‘ಸ್ವಲ್ಪ ಇರಿ’. ಏಳಲು ಹೊರಟ ಅಜ್ಜಿಗೆ ದಿನಕ್ಕೆ ಹತ್ತು ಸಲ ಹಾಗೆಂದರೆ ಅದೂ ಒಂದು ಪಟ್ಟಿಯೇ. ಅಲ್ಲಿಯ ‘ಮತ್ತೆ’ಗೂ ನಮ್ಮ ‘ಮತ್ತೆ ನೋಡೋಣ’ದ ‘ಮತ್ತೆ’ಗೂ ನೆಂಟಸ್ತಿಕೆಯಿಲ್ಲ, ಕೆಲಸ ಮಾತ್ರ ಒಂದೇ. ಒಂದು ದಿನ ಎಣಿಸಿದೆ. ಮಧ್ಯಾಹ್ನದೊಳಗೆ ನಾನು ಹದಿನೇಳು ಸಲ ಹೇಳಿದ್ದೆ. ಈಗ ‘ಈ ತಟ್ಟೆ ಇಟ್ಟು ಐದು ನಿಮಿಷಕ್ಕೆ ಬರ್ತೇನೆ’ ಎನ್ನಲು ಕಲಿಯುತ್ತಿದ್ದೇನೆ. ಹೇಳಿದರೆ ಐದು ನಿಮಿಷಕ್ಕೆ ಹೋಗಲೇಬೇಕು, ಕಷ್ಟವಿರುವುದು ಅಲ್ಲಿ.

ಇನ್ನು ಸಾಗರದ ಮನೆ. ನಮ್ಮ ದೇಶದಲ್ಲೂ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯೊಡನೆ, ಅಗತ್ಯವಿದ್ದಷ್ಟು ಹೊತ್ತು ಮಾತ್ರ ರೋಗಿಯನ್ನು ಕಟ್ಟಬಹುದು ಎನ್ನುತ್ತದೆ. ಆದರೆ ಆ ನಿಯಮ ಇರುವುದು ಆಸ್ಪತ್ರೆಗಳಿಗೆ. ನಮ್ಮ ಹಿಂದಿನ ಕೋಣೆಯ ಮಂಚಕ್ಕೆ ಮೇಲ್ವಿಚಾರಕರು ನಾವೇ.

ಬೈಯುವ ಬದಲು ಕೇಳಬೇಕೆಂದುಕೊಂಡು ಅಮ್ಮನನ್ನು ನೋಡಿಕೊಳ್ಳುವ ಹೋಮ್ ನರ್ಸ್ ಹುಡುಗಿಗೆ ಫೋನ್ ಮಾಡಿದೆ. ಹಾವೇರಿ ಕಡೆಯವಳು. ಮೊದಲು ಅತ್ತಳು. ಆಮೇಲೆ ಹೇಳಿದಳು: “ನಾನೂ ನಿದ್ದಿ ಮಾಡ್ಬೇಕಲ್ರೀ ಅಕ್ಕಾರ. ಹಗಲೂ ನಾನ, ರಾತ್ರೀನೂ ನಾನ. ಎರಡು ತಿಂಗಳಾತು ಊರಿಗೆ ಹೋಗಿಲ್ಲ.” ನಾವ್ಯಾರೂ ಅದನ್ನು ಲೆಕ್ಕ ಹಾಕಿರಲಿಲ್ಲ. ಏಜೆನ್ಸಿಗೆ ತಿಂಗಳ ಹಣ ಕಳಿಸಿದರೆ ಇಪ್ಪತ್ನಾಲ್ಕು ಗಂಟೆಯೂ ನಮ್ಮದಾಯಿತು ಎಂದುಕೊಂಡಿದ್ದೆವು. ಅಮ್ಮನ ಕೈ ಕಟ್ಟಿದ್ದು ಅವಳು. ಅವಳ ಕೈ ಕಟ್ಟಿದವರು ನಾವು.

ಅಣ್ಣ, ಅತ್ತಿಗೆ, ನಾನು ಕೂತು ಮಾತಾಡಿದೆವು. ಒಂದು ಬರೆವ ಪುಸ್ತಕ ಇಟ್ಟು ಅಮ್ಮ ಯಾವ ಹೊತ್ತಿಗೆ ಏಳುತ್ತಾರೆ, ಎದ್ದು ಎತ್ತ ಹೋಗುತ್ತಾರೆ ಎಂದು ಅತ್ತಿಗೆ ಒಂದು ವಾರ ಬರೆದರು. ಮೂರು ಸಲವೂ ಬಚ್ಚಲಿಗೇ. ಪುಸ್ತಕ ನೋಡಿದ ಡಾಕ್ಟರು ಮಾತ್ರೆಗಳ ಪಟ್ಟಿ ಕೇಳಿದರು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೊಂದನ್ನು ಉಳಿದವುಗಳ ಜೊತೆ ರಾತ್ರಿ ಊಟವಾದ ಮೇಲೆ ಕೊಡುತ್ತಿದ್ದರು. ಡಾಕ್ಟರು ಅದನ್ನು ಬೆಳಿಗ್ಗೆಗೆ ಬದಲಿಸಿದರು. ಎತ್ತರದ ಮಂಚ ಹೋಗಿ ತಗ್ಗಿನದು ಬಂತು, ಬಚ್ಚಲ ದಾರಿಗೆ ಸಣ್ಣ ದೀಪ ಬಂತು. ಹುಡುಗಿಗೆ ವಾರಕ್ಕೊಂದು ರಜೆ. ವಾರದಲ್ಲಿ ಮೂರು ರಾತ್ರಿ ಮಲಗಲು ಪಕ್ಕದ ಬೀದಿಯ ಇನ್ನೊಬ್ಬಾಕೆ ಬರುತ್ತಾರೆ. ಅದರ ಹಣ ನಾನು ಕಳಿಸುತ್ತೇನೆ.

ಇದಾದ ಮೇಲೆ ಅಮ್ಮ ಇನ್ನೊಮ್ಮೆ ಬಿದ್ದರು. ತಗ್ಗಿನ ಮಂಚವಾದ್ದರಿಂದ ಮಂಡಿ ತರಚಿತು ಅಷ್ಟೆ. ಆ ರಾತ್ರಿ ಹುಡುಗಿ ಹೆದರಿ ನನಗೆ ಫೋನ್ ಮಾಡಿದಳು. ಇಲ್ಲಿ ಬೆಳಗಾಗುತ್ತಿತ್ತು. “ನಿನ್ನ ತಪ್ಪಲ್ಲ. ಎಷ್ಟು ಹೊತ್ತಿಗೆ ಎದ್ದರು ಅಂತ ಪುಸ್ತಕದಲ್ಲಿ ಬರೆದಿಡು, ಬೆಳಿಗ್ಗೆ ನೋಡೋಣ” ಎಂದೆ. ಹೇಳುವಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆದರೆ ಮೇಲಿನವರು ಹೇಳಬೇಕಾದ ಮಾತು ಅದೇ ಎಂದು ಈ ದೇಶದಲ್ಲಿ ಕಲಿತಿದ್ದೆ.