ಬರೆಯದ ಲೆಕ್ಕ

ಹಬ್ಬದ ಬೆಳಗ್ಗೆ ಯೆಹೂದ್ಯರ ಸಭಾಮಂದಿರದಲ್ಲಿ ಒಬ್ಬ ಗೃಹಸ್ಥನು, ಬಡವರಿಗಾಗಿ ತಾನು ಇಷ್ಟು ಹಣವನ್ನು ಕೊಡುವೆನೆಂದು ಸರ್ವರ ಸಮಕ್ಷಮದಲ್ಲಿ ಮಾತು ಕೊಡುತ್ತಾನೆ. ಅವನ ಜೇಬಿನಲ್ಲಿ ಒಂದು ಕಾಸೂ ಇಲ್ಲ. ಆ ಮಾತನ್ನು ಕೇಳಿ ಲೆಕ್ಕವಿಡಬೇಕಾದ ಧರ್ಮಾಧಿಕಾರಿಯ ಕೈಯಲ್ಲಿ ಲೇಖನಿಯೂ ಇಲ್ಲ. ಇದು ಇಬ್ಬರ ಮರೆವೂ ಅಲ್ಲ, ಶಾಸ್ತ್ರದ ಕಟ್ಟು.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾ ಎಂಬ ಧರ್ಮಸಂಹಿತೆಯು ಸಬ್ಬತ್ತಿನ ದಿನ ಮಾಡಕೂಡದ 39 ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ನಲವತ್ತಕ್ಕೆ ಒಂದು ಕಡಮೆ ಎಂಬುದು ಅದರ ಎಣಿಕೆಯ ರೀತಿ. ಎರಡು ಅಕ್ಷರಗಳನ್ನು ಬರೆಯುವುದು ಆ ಪಟ್ಟಿಯಲ್ಲುಂಟು. ಬರೆಯುವುದಕ್ಕಾಗಿ ಅಳಿಸುವುದು, ಗಂಟು ಹಾಕುವುದು, ಹರಿಯುವುದು ಇವೂ ಉಂಟು. ಹಣವನ್ನು ಮುಟ್ಟುವುದನ್ನೂ ವ್ಯಾಪಾರ ಮಾಡುವುದನ್ನೂ ಶಾಸ್ತ್ರಕಾರರು ನಿಷೇಧಿಸಿದರು. ಹಬ್ಬದ ದಿನಗಳಲ್ಲಿ ಅಡಿಗೆಗೆ ಅವಕಾಶವುಂಟು, ಬರೆಹಕ್ಕೆ ಇಲ್ಲ.

ಹಾಗಾದರೆ ದಾನದ ಮಾತನ್ನು ಆ ದಿನವೇ ಏಕೆ ಎತ್ತಬೇಕು? ಜನರೆಲ್ಲರೂ ಒಂದೆಡೆ ಸೇರುವುದು ಆಗಲೇ ಎಂಬುದು ಲೌಕಿಕವಾದ ಉತ್ತರ. ಶಾಸ್ತ್ರವೂ ಅಡ್ಡಿಮಾಡಲಿಲ್ಲ. ಬಡವರಿಗೆ ದಾನವನ್ನು ಗೊತ್ತುಪಡಿಸುವುದು ಸಬ್ಬತ್ತಿನಲ್ಲೂ ಸಲ್ಲುತ್ತದೆಂದು ತಾಲ್ಮೂದಿನಲ್ಲಿ ರಬ್ಬಿ ಎಲಾಜಾರನ ನಿರ್ಣಯವಿದೆ. 16ನೆಯ ಶತಮಾನದಲ್ಲಿ ಯೋಸೇಫ್ ಕಾರೋ ತನ್ನ ಧರ್ಮಸಂಹಿತೆಯಲ್ಲಿ ಅದನ್ನೇ ವಿಧಿಸಿದನು. ಹೀಗೆ ಆಡಿದ ಮಾತು ಹರಕೆಯಷ್ಟೇ ಬಲವುಳ್ಳದ್ದು. ತೀರಿಸಲು ತಡಮಾಡಕೂಡದೆಂದು ಧರ್ಮೋಪದೇಶಕಾಂಡದ ಕಟ್ಟಳೆ. ಇದಕ್ಕೆ ಹೆದರಿ, ‘ಇದು ಹರಕೆಯಲ್ಲ’ ಎಂದು ಮೊದಲೇ ಹೇಳಿ ಮಾತುಕೊಡುವ ಜಾಣರೂ ಉಂಟು! ಇಲ್ಲೊಂದು ವಿನೋದವಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ನೆಹೆಮೀಯನ ಕಾಲದ ಜನರು ದೇವಾಲಯಕ್ಕೆ ವರ್ಷಕ್ಕೆ ಶೆಕೆಲಿನ ಮೂರರಲ್ಲೊಂದು ಭಾಗವನ್ನು ಕೊಡುವೆವೆಂದು ಬರೆದು ಮುದ್ರೆಯೊತ್ತಿದರು. ಸಬ್ಬತ್ತಿನಲ್ಲಿ ಏನನ್ನೂ ಕೊಳ್ಳುವುದಿಲ್ಲವೆಂಬ ಪ್ರತಿಜ್ಞೆಯೂ ಅದೇ ಪತ್ರದಲ್ಲಿದೆ.

ತೋರಾ ಪಠನಕ್ಕೆ ಕರೆಯಲ್ಪಟ್ಟವನನ್ನು ಆಶೀರ್ವದಿಸುವಾಗ ‘ಹರಕೆ ಹೊತ್ತವನು’ ಎಂಬರ್ಥದ ಹೀಬ್ರೂ ಪದ ಬರುತ್ತದೆ. ಯೂರೋಪಿನ ಯೆಹೂದ್ಯರ ಆಡುಮಾತಾದ ಯಿಡ್ಡಿಷಿನಲ್ಲಿ ಅದರಿಂದ ‘ಶ್ನೋಡರ್ನ್’, ಎಂದರೆ ದಾನದ ಮಾತು ಕೊಡುವುದು, ಎಂಬ ಕ್ರಿಯಾಪದವೇ ಹುಟ್ಟಿತು. ಪಠನದ ಗೌರವಗಳನ್ನು ಸವಾಲು ಹಾಕುವ ಪದ್ಧತಿ ಅನೇಕ ಕಡೆ ಬೆಳೆಯಿತು. ಮೃತರ ಸ್ಮರಣೆಯ ಪ್ರಾರ್ಥನೆಯಲ್ಲಿ ಅವರ ಹೆಸರಿನಲ್ಲಿ ದಾನವನ್ನು ನುಡಿಯುವುದೂ ವಾಡಿಕೆ.

ನೂರು ಜನರ ಮಾತನ್ನು ಒಬ್ಬನು ರಾತ್ರಿಯವರೆಗೆ ನೆನಪಿನಲ್ಲಿಡುವುದು ಸಾಧ್ಯವೇ? ಮರೆತರೆ ಬಡವನ ಪಾಲು ಹೋಯಿತು. ಹೆಚ್ಚಾಗಿ ನೆನೆದರೆ ದಾನಿಯೊಡನೆ ಜಗಳ. ಆದುದರಿಂದ ಬರೆಹವನ್ನೆಲ್ಲ ಹಿಂದಿನ ದಿನವೇ ಮುಗಿಸಿಟ್ಟುಕೊಳ್ಳುವ ಉಪಾಯ ಹೊರಟಿತು. ಸದಸ್ಯನೊಬ್ಬನಿಗೆ ಒಂದು ಚೀಟಿ; ಅದರ ಅಂಚಿನಲ್ಲಿ ಹಲವು ಮೊತ್ತಗಳು. ಒಪ್ಪಿದ ಮೊತ್ತದ ಅಂಚನ್ನು ಮಡಿಸಿದರಾಯಿತು, ಇಲ್ಲವೇ ಅದಕ್ಕೆ ಕಾಗದದ ಕ್ಲಿಪ್ಪು ಸಿಕ್ಕಿಸಿದರಾಯಿತು. ಮಡಿಸಬೇಕೇ ಹೊರತು ಹರಿಯಕೂಡದು, ಹರಿಯುವುದೂ ನಿಷಿದ್ಧವಷ್ಟೆ. ಹಿಂದೆ ಯೂರೋಪಿನ ಕೆಲವು ಊರುಗಳಲ್ಲಿ ಹೆಸರುಗಳ ಪಕ್ಕದಲ್ಲಿ ರಂಧ್ರಗಳಿದ್ದ ಪುಸ್ತಕಗಳನ್ನಿಟ್ಟು, ಮೊತ್ತಕ್ಕೆ ತಕ್ಕ ರಂಧ್ರದಲ್ಲಿ ದಾರವನ್ನು ತೂರಿಸುತ್ತಿದ್ದರು. ಅಲ್ಲಿಯೂ ದಾರಕ್ಕೆ ಗಂಟು ಬೀಳಬಾರದು. ಕತ್ತಲೆಯಾಗಿ ಹಬ್ಬ ಕಳೆದ ಮೇಲೆ ಮಡಿಕೆಗಳನ್ನೂ ದಾರಗಳನ್ನೂ ನೋಡಿ ಲೆಕ್ಕದ ಪುಸ್ತಕಕ್ಕೆ ಏರಿಸುವುದು. ಮಡಿಸುವ ಚೀಟಿ ಇಂದಿಗೂ ಬಳಕೆಯಲ್ಲಿದೆ.

ಇದು ಶಾಸ್ತ್ರದ ಕಣ್ಣಿಗೆ ಮಣ್ಣೆರಚುವ ತಂತ್ರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಪುಸ್ತಕದ ಹಾಳೆಗಳ ಅಂಚಿನ ಮೇಲೆ ಅಕ್ಷರವಿದ್ದರೆ, ಪುಸ್ತಕವನ್ನು ತೆರೆದಾಗ ಅಳಿಸಿದಂತೆಯೂ ಮುಚ್ಚಿದಾಗ ಬರೆದಂತೆಯೂ ಆಗುವುದೋ ಎಂದು ವಾದಿಸಿದ ಜನ ಇವರು! 16ನೆಯ ಶತಮಾನದಲ್ಲಿ ಕ್ರಾಕೋವಿನ ಮೋಶೆ ಇಸರ್ಲೀಸನು ತೆರೆಯಬಹುದೆಂದನು. ಬೇರೆ ಪಂಡಿತರು ಒಪ್ಪಲಿಲ್ಲ. ಅಷ್ಟು ಸೂಕ್ಷ್ಮವನ್ನು ಎಣಿಸುವವರು ಚೀಟಿಯನ್ನು ಮಡಿಸುವಾಗ ನಿಯಮವನ್ನು ಮರೆತಿರುವುದಿಲ್ಲ. ಆಕ್ಷೇಪಕ್ಕೆ ತಕ್ಕ ಸಂಗತಿ ಬೇರೆ: ಮೊತ್ತವನ್ನು ಗಟ್ಟಿಯಾಗಿ ಸಾರುವಾಗ ಕೊಡಲಾರದವನು ತಲೆತಗ್ಗಿಸಬೇಕಾಗುತ್ತದೆ. 19ನೆಯ ಶತಮಾನದ ಸುಧಾರಕರು ಸವಾಲನ್ನು ಖಂಡಿಸಿದ್ದು ನ್ಯಾಯವೇ. ಸದ್ದಿಲ್ಲದೆ ಮಡಿಸುವ ಚೀಟಿಯಲ್ಲಿ ಆ ಮುಜುಗರವೂ ತಪ್ಪುತ್ತದೆ.

ಮೈಸೂರಿಗೂ ಈ ಜನರ ಒಂದು ಹರಕೆಗೂ ಸಂಬಂಧವುಂಟು. ಮುಂಬಯಿಯ ಬೆನೆ ಇಸ್ರೇಲ್ ಸಮಾಜದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎಂಬಾತನು ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದನು. ಬದುಕಿ ಮನೆ ಸೇರಿದರೆ ಸಭಾಮಂದಿರವನ್ನು ಕಟ್ಟಿಸುವೆನೆಂದು ಅವನು ಸೆರೆಯಲ್ಲಿ ಹರಕೆ ಹೊತ್ತನೆಂದೂ, ಇವರು ಇಸ್ರೇಲಿನ ಮಕ್ಕಳೆಂದು ತಿಳಿದ ಟಿಪ್ಪುವಿನ ತಾಯಿಯ ಮಾತಿನಿಂದ ಅವನ ಪ್ರಾಣ ಉಳಿಯಿತೆಂದೂ ಅವರ ಪರಂಪರೆ ಹೇಳುತ್ತದೆ. ಆ ಹರಕೆಯನ್ನು ಬರೆದುಕೊಂಡವರು ಯಾರೂ ಇರಲಿಲ್ಲ. 1796ರಲ್ಲಿ ಅವನು ಮುಂಬಯಿಯಲ್ಲಿ ಕಟ್ಟಿಸಿದ ಮಂದಿರವೇ ಆ ನಗರದ ಮೊದಲನೆಯ ಯೆಹೂದಿ ಸಭಾಮಂದಿರ. 1860ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು. ‘ಕರುಣೆಯ ಬಾಗಿಲು’ ಎಂದು ಅದರ ಹೆಸರು.