ಆಧಾರಮಟ್ಟ (ಕಟ್ಟಡ ನಿರ್ಮಾಣ)

ಎತ್ತರ ಅಳೆಯಲು ಸೊನ್ನೆಯೆಂದು ಒಪ್ಪಿಕೊಂಡ ಮಟ್ಟವೇ ಆಧಾರಮಟ್ಟ. ಪಾಯದ ಆಳ, ಪ್ಲಿಂತ್, ಲಿಂಟಲ್, ತಾರಸಿ, ಚರಂಡಿಯ ಇಳಿಜಾರು ಎಲ್ಲವೂ ಇದನ್ನೇ ನಂಬಿರುತ್ತವೆ. ನಕ್ಷೆಯಲ್ಲಿ ‘ಆರ್‌ಎಲ್’ ಎಂದು ಬರೆದಿರುವ ಅಂಕಿ ಈ ಸೊನ್ನೆಯಿಂದ ಎಣಿಸಿದ ಎತ್ತರ. ಸೊನ್ನೆ ಎಲ್ಲಿ ಬೇಕಾದರೂ ಇರಬಹುದು, ಆದರೆ ಕದಲಬಾರದು. ಆಧಾರಮಟ್ಟದ ಚರಿತ್ರೆಯೆಂದರೆ ಕದಲದ ಜಾಗವೊಂದರ ಹುಡುಕಾಟ.

ಕಡಲಿನ ನೆರೆಗೆ ಸದಾ ಅಂಜುತ್ತಿದ್ದ ಆಮ್‌ಸ್ಟರ್‌ಡ್ಯಾಮ್ ಇದರಲ್ಲಿ ಮುಂದಿತ್ತು. ಮೇಯರ್ ಯೋಹಾನೆಸ್ ಹುಡ್ಡೆ ಅವರ ಕಾಲದಲ್ಲಿ, 1683–84ರಲ್ಲಿ, ಉಬ್ಬರದ ನೀರನ್ನು ಅಳೆದು ನಗರದ ಮಟ್ಟವನ್ನು ಗೊತ್ತುಮಾಡಿದರು. ಆಮೇಲೆ ಎಂಟು ತೂಬುಗಳಲ್ಲಿ ಅಮೃತಶಿಲೆಯ ಕಲ್ಲು ಕೂರಿಸಿ, ಆ ಮಟ್ಟದಿಂದ 9 ಅಡಿ 5 ಅಂಗುಲ ಮೇಲೆ ಗೆರೆ ಕೊರೆದರು. ಏರಿಗಳು ಅಷ್ಟೆತ್ತರ ಇರಬೇಕಿತ್ತು. ದಿನವೂ ಏರಿಳಿಯುವ ನೀರನ್ನು ಕಲ್ಲಿಗೆ ಒಪ್ಪಿಸಿದ ಈ ಉಪಾಯ ಬಲು ದೊಡ್ಡದು. ಮುಂದೆ ಜರ್ಮನಿಯೂ ಅದೇ ಸೊನ್ನೆಯನ್ನು ಎತ್ತಿಕೊಂಡಿತು.

ಭಾರತದಲ್ಲಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆ, ಎತ್ತರಗಳನ್ನು ಕೋನಗಳಿಂದ ಲೆಕ್ಕ ಹಾಕುತ್ತಿತ್ತು. ಕಾಲುವೆಗೂ ರೈಲುಹಾದಿಗೂ ಅಷ್ಟು ಸಾಲದು. ಮಟ್ಟದ ದುರ್ಬೀನು, ಅಳತೆಗೋಲು ಹಿಡಿದು ಹಂತಹಂತವಾಗಿ ಅಳೆಯುವ ಕೆಲಸ 1858ರಲ್ಲಿ ಶುರುವಾಯಿತು. ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಗಳಿಂದ 1909ರಲ್ಲಿ ಸರಾಸರಿ ಸಮುದ್ರಮಟ್ಟ ದೇಶದ ಸೊನ್ನೆಯಾಯಿತು. ಕರಾಚಿ, ಮುಂಬಯಿ, ಕೊಚ್ಚಿ, ಮದರಾಸುಗಳ ಸಾಲಿನಲ್ಲಿ ನಮ್ಮ ಕಾರವಾರವೂ ಇತ್ತು. ಕನ್ನಡಿಗರು ಇದನ್ನು ಇನ್ನಷ್ಟು ನೆನೆಯಬೇಕು. ಒಂಬತ್ತೂ ಕಡೆ ಕಡಲು ಒಂದೇ ಮಟ್ಟದಲ್ಲಿದೆಯೆಂದು ಎಣಿಸಿದ್ದು ಆ ಲೆಕ್ಕದ ಕೊರತೆ. ನೀರಿನ ಉಪ್ಪು, ಬಿಸಿ, ಹರಿವು ಬೇರೆಯಾದಂತೆ ಸರಾಸರಿಯೂ ತುಸು ಬೇರೆಯಾಗುತ್ತದೆ.

ಸೊನ್ನೆಗಳು ಬೇರೆಬೇರೆ ಇದ್ದರೆ ಏನಾಗುತ್ತದೆ ಎಂಬುದು 2003ರಲ್ಲಿ ಲೌಫೆನ್‌ಬುರ್ಗ್‌ನಲ್ಲಿ ತಿಳಿಯಿತು. ರೈನ್ ನದಿಗೆ ಜರ್ಮನಿ, ಸ್ವಿಟ್ಜರ್ಲೆಂಡ್ ಎರಡೂ ದಡದಿಂದ ಸೇತುವೆ ಕಟ್ಟುತ್ತಿದ್ದವು. ಜರ್ಮನಿಯ ಸೊನ್ನೆ ಆಮ್‌ಸ್ಟರ್‌ಡ್ಯಾಮಿನದು, ಸ್ವಿಸ್ ಎತ್ತರದ ಮೂಲ ಮಾರ್ಸೇ ಬಂದರಿನ ಕಡಲು. ಎರಡು ಸೊನ್ನೆಗಳ ನಡುವಿನ 27 ಸೆಂ.ಮೀ. ಅಂತರ ಎಲ್ಲರಿಗೂ ಗೊತ್ತಿತ್ತು. ಆದರೆ ಕೂಡಿಸಬೇಕಾದಲ್ಲಿ ಕಳೆದಂತಾಗಿ ಅಂತರ 54 ಸೆಂ.ಮೀ. ಆಯಿತು!

ಕರ್ನಾಟಕದ ಅಣೆಕಟ್ಟೆಗಳಲ್ಲೂ ಎರಡು ಬಗೆಯ ಎಣಿಕೆಯಿದೆ. ಜಲಾಶಯ ತುಂಬಿದಾಗಿನ ನೀರಿನ ಮಟ್ಟವೆಂದು ಹೇಳುವ ಆಲಮಟ್ಟಿಯ 519.60 ಮೀಟರ್ ಸಮುದ್ರಮಟ್ಟದಿಂದ; ಕೆಆರ್‌ಎಸ್‌ನ 124.80 ಅಡಿ ಅಲ್ಲಿಯದೇ ಸೊನ್ನೆಯಿಂದ.

ಮನೆ ಕಟ್ಟುವಲ್ಲಿ ಕಡಲು ಬೇಕಿಲ್ಲ. ಕಾಂಪೌಂಡಿನಂಥ ಗಟ್ಟಿ ಜಾಗದಲ್ಲಿ ಕೆಂಪು ಬಣ್ಣದ ಗುರುತು ಹಾಕಿ, ಮೇಸ್ತ್ರಿ ಅದನ್ನೇ ಹಿಡಿದು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮೂಲೆಮೂಲೆಗೂ ಮಟ್ಟ ಸಾಗಿಸುತ್ತಾನೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳಾಗುತ್ತದೆ. ನಗರಗಳಲ್ಲಿ ರಸ್ತೆಯನ್ನೇ ಸೊನ್ನೆಯಾಗಿ ಹಿಡಿದು ಪ್ಲಿಂತ್ ಏರಿಸುವ ವಾಡಿಕೆ ಮಾತ್ರ ಅಪಾಯದ್ದು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಪದರ ಹಾಕುತ್ತ ಹೋದಂತೆ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ಇದ್ದಲ್ಲೇ ಉಳಿಯುತ್ತದೆ, ಮಳೆನೀರು ಒಳಗೆ ಬರುತ್ತದೆ.